ಗುಂಡುತೋಪೂ ಮಲೆನಾಡಿನ ಹಳೆಯ ಕಾಡೂ

ಯಲಹಂಕ, ಹೆಬ್ಬಾಳ, ಯಶವಂತಪುರಗಳ ಸುತ್ತಣ ಗ್ರಾಮಗಳಲ್ಲಿ ಊರ ಮುಂದೆಯೋ ಕೆರೆಯ ಬಳಿಯೋ ಒಂದು ಗುಂಡುತೋಪನ್ನು ಬೆಳೆಸಿ, ಊರೊಟ್ಟಿನ ಸ್ವತ್ತಾಗಿ ಕಾಪಾಡುವುದು ಪೂರ್ವದಿಂದ ನಡೆದುಬಂದ ಪದ್ಧತಿಯಾಗಿತ್ತು. ಮಾವು, ಹುಣಿಸೆ, ನೇರಳೆ, ಹೊಂಗೆ, ಹಿಪ್ಪೆ ಇವೇ ಅಲ್ಲಿನ ಮುಖ್ಯ ಜಾತಿಗಳು. ದೇವನಹಳ್ಳಿಯ ಬಳಿ ನಲ್ಲೂರಿನಲ್ಲಿರುವ ಸುಮಾರು 54 ಎಕರೆಗಳ ಹುಣಿಸೆತೋಪು ಜೀವವೈವಿಧ್ಯದ ಪಾರಂಪರಿಕ ತಾಣವೆಂದು 2007ರಲ್ಲಿ ಘೋಷಿತವಾಯಿತು.

ಮರಗಳು ದಟ್ಟವಾಗಿರುವುದರಿಂದ ತೋಪನ್ನೂ ಕಾಡೆಂದೇ ಕೆಲವರು ಎಣಿಸುವರು. ಇದು ಸರಿಯಲ್ಲ. ಆಗುಂಬೆಯ ಕಡೆಯ ಹಳೆಯ ಕಾಡಿಗೆ ವರ್ಷಕ್ಕೆ 250 ಅಂಗುಲಕ್ಕೂ ಮೀರಿ ಮಳೆ ಬೀಳುತ್ತದೆ. ಬೆಂಗಳೂರಿನ ಸೀಮೆಗೆ ಬೀಳುವುದು 35ರಿಂದ 40 ಅಂಗುಲ ಮಾತ್ರ. ಅಲ್ಲಿ ಹೆಮ್ಮರದ ಕೆಳಗೆ ನಡುಮರ, ಅದರ ಕೆಳಗೆ ಪೊದೆ, ಪೊದೆಯ ಕೆಳಗೆ ಸಸಿ, ಹೀಗೆ ಅಂತಸ್ತುಗಳಿರುವುವು. ಉದುರಿದ ಎಲೆಯೂ ಬಿದ್ದ ಮರವೂ ಅಲ್ಲಿಯೇ ಕೊಳೆತು ಮರಳಿ ಬೇರಿಗೆ ಸೇರುತ್ತವೆ. ಕಾಡಿನ ಸಾರದ ದೊಡ್ಡ ಭಾಗವು ನೆಲದ ಆಳದಲ್ಲಿರದೆ ಮರಗಳಲ್ಲಿಯೂ ಮೇಲಣ ತೆಳುವಾದ ತರಗಿನ ಪದರದಲ್ಲಿಯೂ ಇರುವುದರಿಂದ, ಒಮ್ಮೆ ಕಡಿದು ಸುಟ್ಟರೆ ಮಳೆಯು ಅದನ್ನು ಕೊಚ್ಚಿಕೊಂಡು ಹೋಗುವುದು. ರಾಮಪತ್ರೆಯಂತಹ ಮರದ ಬೀಜವು ಒಣಗಿದರೆ ಸಾಯುತ್ತದೆ. ಅದನ್ನು ದೂರಕ್ಕೆ ಒಯ್ಯಲು ಮಂಗಟ್ಟೆಯಂತಹ ದೊಡ್ಡ ಹಕ್ಕಿಯೇ ಬೇಕು. ಅಂತಹ ಕಾಡನ್ನು ಮನುಷ್ಯನು ನೆಟ್ಟು ಮಾಡಲಾರನು.

ತೋಪಾದರೋ ಮನುಷ್ಯನ ಕೈಯಿಂದಲೇ ಆದುದು. ಆದುದರಿಂದ ಮನುಷ್ಯನ ಕೈ ತಪ್ಪಿದರೆ ಉಳಿಯದು. ಇಲ್ಲಿಯ ಮುಖ್ಯ ದೋಷವು ಹೊರನೋಟಕ್ಕೆ ಕಾಣುವುದಿಲ್ಲ. ಮರಗಳೆಲ್ಲ ಹಸುರಾಗಿ, ಫಲ ಬಿಡುತ್ತ ನಿಂತಿರುವುವು. ಆದರೆ ಅವುಗಳ ಕೆಳಗೆ ಮೊಣಕಾಲೆತ್ತರದ ಒಂದು ಸಸಿಯೂ ಇರುವುದಿಲ್ಲ. ತರಗನ್ನು ಒಲೆಗೂ ತಿಪ್ಪೆಗೂ ಗುಡಿಸಿ ಒಯ್ಯುವರು. ಮೊಳೆತುದನ್ನು ಆಡು ಮೇಯುವುದು. ಒಂದೇ ಕಾಲದಲ್ಲಿ ನೆಟ್ಟ ಮರಗಳು ಒಂದೇ ಕಾಲದಲ್ಲಿ ಮುದಿಯಾಗುವುವು. ಆಗ ಬಯಲಾದ ಸ್ಥಳವನ್ನು ಕಟ್ಟಡಕ್ಕೋ ಬಡಾವಣೆಗೋ ಬಳಸಲು ಯಾರೂ ಹಿಂಜರಿಯುವುದಿಲ್ಲ. ನಗರದ ಅಂಚಿನ ಊರುಗಳಲ್ಲಿ ಹಲವು ತೋಪುಗಳು ಹೀಗೆಯೇ ಹೋದುವು.

ಬಯಲಾದಲ್ಲಿ ನೀಲಗಿರಿ ಹಾಕಿ ತೋಪನ್ನು ಉಳಿಸಿದೆವೆಂದು ತಿಳಿಯುವುದೂ ಉಂಟು. ಅದು ಹಣ್ಣು ಕೊಡದು, ದನಕ್ಕೆ ಮೇವಾಗದು, ಮಳೆ ಕಡಿಮೆಯಾದ ಸೀಮೆಯಲ್ಲಿ ನೆಲದ ತೇವವನ್ನು ಬಹಳವಾಗಿ ಹೀರುವುದು. ಹೊಸದಾಗಿ ಅದನ್ನು ನೆಡಬಾರದೆಂದು ರಾಜ್ಯ ಸರ್ಕಾರವು 2017ರಲ್ಲಿ ಆಜ್ಞೆ ಮಾಡಿತು.

ಹಿಡುವಳಿದಾರರೂ ಗ್ರಾಮದ ಮುಖಂಡರೂ ಮೊದಲು ತೋಪಿನಲ್ಲಿ ನಡೆದು ಎಳೆಯ ಮರಗಳನ್ನು ಎಣಿಸತಕ್ಕದ್ದು. ಅವು ವಿರಳವಾಗಿದ್ದರೆ ನಾಲ್ಕನೆಯ ಒಂದು ಭಾಗಕ್ಕೆ ಮುಳ್ಳುಬೇಲಿ ಹಾಕಿಸಿ, ಸಸಿಗಳು ದನದ ಬಾಯಿಗೆ ನಿಲುಕದಷ್ಟು ಬೆಳೆಯುವವರೆಗೆ ಅಲ್ಲಿ ಮೇಯಿಸುವುದನ್ನೂ ತರಗು ಗುಡಿಸುವುದನ್ನೂ ನಿಲ್ಲಿಸಬೇಕು. ಆಮೇಲೆ ಬೇಲಿಯನ್ನು ಮತ್ತೊಂದು ಭಾಗಕ್ಕೆ ಬದಲಾಯಿಸಬಹುದು. ಇಡೀ ತೋಪನ್ನು ಒಮ್ಮೆಗೇ ಮುಚ್ಚಿದರೆ ದನ ಕಾಯುವವರು ಬೇಲಿಯನ್ನು ಕೀಳದೆ ಬಿಡರು. ಹುಣಿಸೆಯ ಬೀಜವನ್ನು ಒಣಗಿಸಿ ಇಟ್ಟುಕೊಳ್ಳಬಹುದು. ನೇರಳೆ, ಹಿಪ್ಪೆಗಳ ಬೀಜವು ಬೇಗನೆ ಕೆಡುವುದರಿಂದ ಹಣ್ಣುದುರಿದ ಕೆಲವೇ ದಿನಗಳಲ್ಲಿ ಬಿತ್ತಬೇಕು. ತೋಪಿನ ಸರ್ವೆ ನಂಬರನ್ನೂ ವಿಸ್ತೀರ್ಣವನ್ನೂ ಪಹಣಿಯಲ್ಲಿ ನೋಡಿ, ಎಲ್ಲೆಗಳನ್ನು ಅಳತೆ ಮಾಡಿಸಿ ಕಲ್ಲು ನೆಡಿಸುವ ಕೆಲಸವನ್ನು ಬೇಲಿಗೆ ಮುಂಚೆಯೇ ಮುಗಿಸಿಕೊಳ್ಳತಕ್ಕದ್ದು.