ಐರ್ಲೆಂಡಿನ ಹಾಡು: ಅಗಲಿದ ಧಾತು ಮಾತುಗಳು

ನಮ್ಮ ಸಂಗೀತಶಾಸ್ತ್ರಕಾರರು ಹಾಡಿನಲ್ಲಿ ಎರಡು ಅಂಗಗಳನ್ನು ಗುರುತಿಸಿದ್ದಾರೆ. ಸ್ವರರಚನೆಯು ಧಾತು, ಸಾಹಿತ್ಯವು ಮಾತು. ಎರಡೂ ಕೂಡಿದಲ್ಲದೆ ಹಾಡು ಪೂರ್ಣವಾಗದು. ಐರ್ಲೆಂಡಿನ ನಾಡಹಾಡುಗಳು ಯುರೋಪಿನ ಶಾಸ್ತ್ರೀಯ ಗಾಯನವನ್ನು ಸೇರುವಾಗ ಈ ಅಂಗಗಳೆರಡೂ ಬೇರೆ ಬೇರೆ ದಾರಿ ಹಿಡಿದುವು. ಇದು ಹೇಗಾಯಿತೆಂಬುದು ವಿಚಾರಾರ್ಹವಾಗಿದೆ.

ಐರಿಷ್ ಭಾಷೆಯಲ್ಲಿ 'ಶ್ಯಾನ್ ನೋಸ್', ಎಂದರೆ 'ಹಳೆಯ ರೀತಿ', ಎಂದು ಕರೆಯುವ ಗಾಯನಪದ್ಧತಿಯೊಂದುಂಟು. ಇದರಲ್ಲಿ ಸಾಮಾನ್ಯವಾಗಿ ಪಕ್ಕವಾದ್ಯವಿರುವುದಿಲ್ಲ. ಮಾತಿನ ಭಾವಕ್ಕೆ ತಕ್ಕಂತೆ ಗಾಯಕನು ಲಯವನ್ನು ಹಿಗ್ಗಿಸುವನು, ಕುಗ್ಗಿಸುವನು. ಪದ್ಯದಿಂದ ಪದ್ಯಕ್ಕೆ ಸ್ವರಾಲಂಕಾರಗಳನ್ನು ಬದಲಿಸುವನು. ಇಲ್ಲಿ ಧಾತುವು ಮಾತನ್ನು ಹಿಂಬಾಲಿಸುತ್ತದೆ.

1792ರ ಜುಲೈ ತಿಂಗಳಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ಹಾರ್ಪ್ ಎಂಬ ತಂತಿವಾದ್ಯವನ್ನು ನುಡಿಸುವವರ ಸಮ್ಮೇಳನವೊಂದು ನಡೆಯಿತು. ಅಳಿದುಹೋಗುತ್ತಿದ್ದ ಪರಂಪರೆಯನ್ನು ಉಳಿಸುವುದೇ ಅದರ ಉದ್ದೇಶ. ಅಲ್ಲಿಗೆ ಬಂದ ಐರಿಷ್ ವಾದಕರು ಕೇವಲ 10 ಮಂದಿ. ಅವರು ನುಡಿಸಿದ ಮಟ್ಟುಗಳನ್ನು ಬರೆದುಕೊಳ್ಳುವ ಕೆಲಸ 19 ವರ್ಷದ ಎಡ್ವರ್ಡ್ ಬಂಟಿಂಗನಿಗೆ ಬಂದಿತು. 1796ರಲ್ಲಿ ಆತನು ಅವುಗಳನ್ನು ಪಿಯಾನೊ ವಾದ್ಯಕ್ಕೆ ಹೊಂದಿಸಿ ಪ್ರಕಟಿಸಿದನು. 1802ರಲ್ಲಿ ಪ್ಯಾಟ್ರಿಕ್ ಲಿಂಚ್ ಎಂಬಾತನು ಬಂಟಿಂಗನಿಗಾಗಿ ಪಶ್ಚಿಮ ಪ್ರಾಂತದಲ್ಲಿ ಸಂಚರಿಸಿ ಐರಿಷ್ ಪದ್ಯಗಳನ್ನು ಸಂಗ್ರಹಿಸಿ ತಂದನು. ಆದರೆ 1809ರ ಸಂಪುಟದಲ್ಲಿ ಅಚ್ಚಾದುವು ಆ ಪದ್ಯಗಳಲ್ಲ, ಇಂಗ್ಲಿಷ್ ಪದ್ಯಗಳು.

ಧಾತುವಾದರೂ ಇದ್ದಂತೆಯೇ ಉಳಿಯಿತೇ? ಅದೂ ಇಲ್ಲ. ಹಲವು ಐರಿಷ್ ಮಟ್ಟುಗಳಲ್ಲಿ ಏಳನೆಯ ಸ್ವರವು ಮೇಲಿನ ಷಡ್ಜಕ್ಕಿಂತ ಒಂದು ಪೂರ್ಣಸ್ವರದಷ್ಟು ಕೆಳಗಿರುತ್ತದೆ. ನಮ್ಮ ಹರಿಕಾಂಭೋಜಿಯ ಕೈಶಿಕಿ ನಿಷಾದವನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುವುದು. ಆ ಕಾಲದ ಯುರೋಪಿಯನ್ ಸ್ವರಮೇಳವಾದರೋ, ಷಡ್ಜಕ್ಕೆ ಅರ್ಧಸ್ವರ ಮಾತ್ರ ಕೆಳಗಿರುವ ನಿಷಾದವನ್ನು ಅಪೇಕ್ಷಿಸುತ್ತಿತ್ತು; ಅದರಿಂದ ಷಡ್ಜಕ್ಕೆ ಏರಿದಾಗಲೇ ಮುಕ್ತಾಯದ ಭಾವ ಪೂರ್ಣವಾಗುತ್ತಿತ್ತು. ಆದುದರಿಂದ ಮೇಳಕ್ಕೆ ಹೊಂದಿಸುವವನ ಮುಂದೆ ಎರಡೇ ದಾರಿಗಳಿದ್ದುವು: ರೂಢಿಯ ಮೇಳವನ್ನು ಬಿಡಬೇಕು, ಇಲ್ಲವೇ ಸ್ವರವನ್ನು ತಿದ್ದಬೇಕು. ಅನೇಕರು ಸ್ವರವನ್ನೇ ತಿದ್ದಿದರು.

ಎಡಿನ್‌ಬರೋ ನಗರದ ಜಾರ್ಜ್ ಥಾಮ್ಸನ್ ಎಂಬ ಪ್ರಕಾಶಕನು ಐರಿಷ್ ಮಟ್ಟುಗಳನ್ನು ವಿಯೆನ್ನಾದಲ್ಲಿದ್ದ ಬೀಥೋವನನಿಗೆ ಕಳುಹಿಸಿದನು. ಬೀಥೋವನನು ಅಂತಹ 50ಕ್ಕೂ ಹೆಚ್ಚು ಮಟ್ಟುಗಳಿಗೆ ಪಿಯಾನೊ, ಪಿಟೀಲು, ಚೆಲ್ಲೊಗಳ ಪಕ್ಕವಾದ್ಯವನ್ನು ರಚಿಸಿದನು. ಅವುಗಳಲ್ಲಿ ಹೆಚ್ಚಿನವು 1814 ಮತ್ತು 1816ರಲ್ಲಿ ಪ್ರಕಟವಾದುವು. ಆದರೆ ಬಹುಮಟ್ಟಿಗೆ ಅವನ ಕೈ ಸೇರಿದ್ದು ಧಾತು ಮಾತ್ರವೇ. ಮಾತನ್ನೂ ಕಳುಹಿಸಬೇಕೆಂದು ಆತನು ಮತ್ತೆ ಮತ್ತೆ ಕೇಳಿದನು. ಹಾಡಿನ ಭಾವವನ್ನರಿಯದೆ ಪಕ್ಕವಾದ್ಯವನ್ನು ರಚಿಸುವುದು ಎಷ್ಟು ಕಷ್ಟವೆಂಬುದನ್ನು ಓದುಗರೇ ಊಹಿಸಬಹುದು.

ಇದಕ್ಕೆ ವಿರುದ್ಧವಾದ ದಾರಿಯನ್ನು ಅಮೆರಿಕದ ಸ್ಯಾಮ್ಯುಯೆಲ್ ಬಾರ್ಬರ್ ಹಿಡಿದರು. 8ರಿಂದ 13ನೆಯ ಶತಮಾನದವರೆಗಿನ ಐರಿಷ್ ಸಂನ್ಯಾಸಿಗಳ ಮತ್ತು ವಿದ್ವಾಂಸರ ಕಿರುಪದ್ಯಗಳ ಇಂಗ್ಲಿಷ್ ಅನುವಾದಗಳನ್ನು ಆಯ್ದು, ಅವರು 10 ಹಾಡುಗಳನ್ನು ರಚಿಸಿದರು. 1953ರಲ್ಲಿ ವಾಷಿಂಗ್ಟನ್ನಿನಲ್ಲಿ ಅವನ್ನು ಮೊದಲು ಹಾಡಿದವರು ಲಿಯಾಂಟಿನ್ ಪ್ರೈಸ್. ಇಲ್ಲಿ ಮಾತು ಐರ್ಲೆಂಡಿನದು, ಧಾತು ಬಾರ್ಬರರದೇ. ಆದರೂ ಸ್ವರಲಿಪಿಯಲ್ಲಿ ಅವರು ತಾಳಸೂಚಿಯನ್ನೇ ಬರೆಯಲಿಲ್ಲ. ಲಯವು ನುಡಿಯನ್ನು ಅನುಸರಿಸಿ ನಡೆಯುತ್ತದೆ. ಒಂದೇ ಒಂದು ಹಳೆಯ ಮಟ್ಟನ್ನೂ ಎರವಲು ಪಡೆಯದ ಈ ಕೃತಿಯು ಹಳೆಯ ಗಾಯಕರ ನೀತಿಗೆ ಹತ್ತಿರವಾಗಿದೆ.

ಬಂಟಿಂಗನ ಕೈಬರಹಗಳು ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾನಿಲಯದಲ್ಲಿವೆ. 1927ರಿಂದ 1939ರವರೆಗೆ ಡೋನಲ್ ಓ ಸಲಿವನ್ ಅವುಗಳನ್ನು ಪರಿಶೀಲಿಸಿ, ಲಿಂಚ್ ತಂದ ಪದ್ಯಗಳನ್ನು ಮಟ್ಟುಗಳೊಡನೆ ಪ್ರಕಟಿಸಿದರು. ಅಗಲಿದ್ದ ಧಾತು ಮಾತುಗಳು ಮತ್ತೆ ಒಂದೇ ಪುಟದಲ್ಲಿ ಕೂಡಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಹಾಡನ್ನು ಸಂಗ್ರಹಿಸುವವರು ಎರಡನ್ನೂ ಒಟ್ಟಿಗೆ ಬರೆದಿಡಬೇಕೆಂಬ ಪಾಠ ಇದರಲ್ಲಿದೆ.