ಸಂದರ್ಶನಕ್ಕೆ ಸಿದ್ಧತೆ: ಮಾಡಿದ ಕೆಲಸವನ್ನು ಹೇಳಲು ಕಲಿಯೋಣ



ವಿದ್ಯಾರ್ಥಿವೇತನದಿಂದ ಕಾಲೇಜಿನ ಶುಲ್ಕ ಕಟ್ಟಬಹುದು. ಪದವಿಯ ನಂತರ ಕೆಲಸಕ್ಕೆ ಮುಂಚೆ ಇನ್ನೊಂದು ಮೆಟ್ಟಿಲಿದೆ, ಅದೇ ಸಂದರ್ಶನ. ಮನೆಯಲ್ಲಿ ಮೊದಲ ಬಾರಿಗೆ ಪದವಿ ಪಡೆದವರಿಗೆ ಇದನ್ನು ಹೇಳಿಕೊಡುವವರು ಸಾಮಾನ್ಯವಾಗಿ ಇರುವುದಿಲ್ಲ. ಅವರಿಗಾಗಿ ಈ ಪಾಠ.

1. ಸಂದರ್ಶನ ಇದೆಯೇ, ವಿಚಾರಿಸಿ

ಕೇಂದ್ರ ಸರ್ಕಾರದ ಗ್ರೂಪ್ ಸಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವನ್ನು ಕೈಬಿಡಲಾಗಿದೆ. ಬ್ಯಾಂಕ್ ಪಿಒ ಆಯ್ಕೆಯಲ್ಲಿ ಐಬಿಪಿಎಸ್ ಮುಖ್ಯ ಪರೀಕ್ಷೆಗೆ ಶೇ. 80, ಸಂದರ್ಶನಕ್ಕೆ ಶೇ. 20 ತೂಕ ಕೊಡುತ್ತದೆ. ಖಾಸಗಿ ಕಂಪನಿಗಳಲ್ಲಿ ಸಂದರ್ಶನವೇ ಮುಖ್ಯ. ಅರ್ಜಿ ಹಾಕುವ ಮೊದಲು ಅಧಿಸೂಚನೆಯನ್ನು ಪೂರ್ತಿ ಓದಿ.

2. ನಿಮ್ಮ ಕೆಲಸದ ಪಟ್ಟಿ ಬರೆಯಿರಿ

"ನನಗೆ ಅನುಭವವಿಲ್ಲ" ಎಂದು ಮಕ್ಕಳು ಹೇಳುತ್ತಾರೆ. ಆದರೆ ಅಬ್ಬಾನ ಅಂಗಡಿಯಲ್ಲಿ ಲೆಕ್ಕ ಬರೆದದ್ದು, ಅಮ್ಮಿಯ ಹೊಲಿಗೆ ಕೆಲಸದ ಆರ್ಡರ್ ನೋಡಿಕೊಂಡದ್ದು, ಪಕ್ಕದ ಮನೆಯ ಮಕ್ಕಳಿಗೆ ಟ್ಯೂಷನ್ ಹೇಳಿದ್ದು, ಇವೆಲ್ಲ ಅನುಭವವೇ. ಪ್ರತಿಯೊಂದಕ್ಕೂ ನಾಲ್ಕು ಸಾಲು ಬರೆಯಿರಿ: ತೊಂದರೆ ಏನಿತ್ತು, ನಿಮ್ಮ ಜವಾಬ್ದಾರಿ ಏನು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು.

ಒಂದು ಮಾದರಿ: "ನಮ್ಮ ಬಟ್ಟೆ ಅಂಗಡಿಯಲ್ಲಿ ಬಾಕಿ ಲೆಕ್ಕ ಚೀಟಿಗಳಲ್ಲಿತ್ತು. ಅದನ್ನು ಸರಿಪಡಿಸುವ ಕೆಲಸ ನನ್ನದಾಯಿತು. ಎಲ್ಲವನ್ನೂ ಟ್ಯಾಲಿಗೆ ಹಾಕಿ, ಪ್ರತಿ ಶನಿವಾರ ಬಾಕಿದಾರರಿಗೆ ಫೋನ್ ಮಾಡುತ್ತಿದ್ದೆ. ಈಗ ಯಾರು ಎಷ್ಟು ಕೊಡಬೇಕೆಂದು ಕೂಡಲೇ ತಿಳಿಯುತ್ತದೆ." ಮಾಡದ ಕೆಲಸವನ್ನು ಮಾತ್ರ ಸೇರಿಸಬೇಡಿ. ಎರಡನೇ ಪ್ರಶ್ನೆಗೇ ಅದು ಬಯಲಾಗುತ್ತದೆ. ಒಂದು ವಿಷಯದಲ್ಲಿ ಫೇಲಾಗಿದ್ದರೆ ಮುಚ್ಚಿಡದೆ, ನಂತರ ಹೇಗೆ ಪಾಸಾದಿರಿ ಎಂಬುದನ್ನು ಹೇಳಿ.

3. ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿ

ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಸಂದರ್ಶನದಲ್ಲಿ ಇಂಗ್ಲಿಷ್. ಮೂರು ಭಾಷೆ ಬರುವುದು ಬೆಂಗಳೂರಿನಲ್ಲಿ ಗ್ರಾಹಕರೊಡನೆ ವ್ಯವಹರಿಸುವ ಯಾವುದೇ ಕೆಲಸಕ್ಕೆ ಬಲ. ಅದನ್ನು ಬಯೋಡೇಟಾದಲ್ಲಿ ಬರೆಯಿರಿ. "ನಿಮ್ಮ ಬಗ್ಗೆ ಹೇಳಿ" ಎಂಬ ಪ್ರಶ್ನೆಗೆ ಒಂದೂವರೆ ನಿಮಿಷದ ಉತ್ತರವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಕೊಳ್ಳಿ. ಬಾಯಿಪಾಠ ಬೇಡ. ಸಣ್ಣ ವಾಕ್ಯಗಳು ಸಾಕು. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಎಂದು ಕೇಳುವುದು ತಪ್ಪಲ್ಲ.

4. ಆ ದಿನ

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಂದರ್ಶನವಿದ್ದರೆ ಜಯನಗರ, ಬನಶಂಕರಿ, ಜೆ.ಪಿ. ನಗರದವರು ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಬಂದು, 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗದ ಮೆಟ್ರೊ ಹಿಡಿಯಬಹುದು. ಬಿಟಿಎಂ ಲೇಔಟ್‌ನವರಿಗೆ ಹಳದಿ ಮಾರ್ಗದಲ್ಲೇ ನಿಲ್ದಾಣವಿದೆ. ಸಾಧ್ಯವಾದರೆ ಹಿಂದಿನ ದಿನವೇ ಒಮ್ಮೆ ಹೋಗಿ ದಾರಿ ನೋಡಿ ಬನ್ನಿ. ಅಂಕಪಟ್ಟಿಗಳ ಜೆರಾಕ್ಸ್ ಎರಡು ಸೆಟ್ ಇರಲಿ. ಮೂಲ ಪ್ರತಿಗಳನ್ನು ತೋರಿಸಿ, ವಾಪಸ್ ತನ್ನಿ. ಸಂಬಳದ ಮಾತು ಬಂದಾಗ, ಎಲ್ಲ ಕಡಿತ ಕಳೆದು ಕೈಗೆ ಎಷ್ಟು ಬರುತ್ತದೆ ಎಂದು ವಿನಯದಿಂದ ಕೇಳಿ.

5. ಪೋಷಕರಿಗೆ ಎಚ್ಚರಿಕೆ

ಕೆಲಸ ಕೊಡುತ್ತೇವೆ, ಮೊದಲು ಡೆಪಾಸಿಟ್ ಕಟ್ಟಿ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಒಡವೆ ಅಡವಿಟ್ಟು ಕಟ್ಟಿದ ಹಣ ಮರಳಿ ಬರುವುದು ಕಷ್ಟ. ಆನ್‌ಲೈನ್‌ನಲ್ಲಿ ಮೋಸವಾದರೆ ತಡಮಾಡದೆ 1930ಕ್ಕೆ ಕರೆಮಾಡಿ. ಮಗ ಅಥವಾ ಮಗಳು ಮೊದಲ ಸಂದರ್ಶನದಲ್ಲಿ ಆಯ್ಕೆಯಾಗದಿದ್ದರೆ ಬೈಯಬೇಡಿ. ಕೇಳಿದ ಪ್ರಶ್ನೆಗಳನ್ನು ಅಂದೇ ಬರೆದಿಡಲು ಹೇಳಿ. ಮುಂದಿನ ಸಂದರ್ಶನಕ್ಕೆ ಅದೇ ಪಾಠಪುಸ್ತಕ.

6. ದಾನಿಗಳಲ್ಲಿ ವಿನಂತಿ

ನಿಮ್ಮಲ್ಲಿ ಅನೇಕರು ಅಂಗಡಿ, ಕಚೇರಿ, ಕಾರ್ಖಾನೆ ನಡೆಸುವವರು. ಕೆಲಸಕ್ಕೆ ಜನರನ್ನು ಆರಿಸುವ ಅನುಭವ ಉಳ್ಳವರು. ಒಬ್ಬ ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿಕೊಂಡು ಅರ್ಧ ಗಂಟೆ ಪ್ರಶ್ನೆ ಕೇಳಿ, ತಿದ್ದಿ ಕಳಿಸಿ. ನಿಮ್ಮಲ್ಲಿ ರಜೆಯಲ್ಲಿ ದುಡಿದ ಮಕ್ಕಳಿಗೆ ಅವರು ಮಾಡಿದ ಕೆಲಸವನ್ನು ನಮೂದಿಸಿ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಕೊಡಿ. ಚೆಕ್ಕಿನಷ್ಟೇ ಈ ಪತ್ರವೂ ಒಂದು ಮನೆಗೆ ಆಸರೆಯಾಗುತ್ತದೆ.