ಜಾಲದ ಉಗ್ರಾಣವೂ ಭಾಷೆಯ ಗೊಂದಲವೂ

ಬೆಂಗಳೂರಿನಲ್ಲಿ ಕುಳಿತವನೊಬ್ಬನು ಕನ್ನಡ ವಿಕಿಪೀಡಿಯದ ಪುಟವೊಂದನ್ನು ತೆರೆಯುತ್ತಾನೆಂದು ಭಾವಿಸೋಣ. ಆ ಪುಟವನ್ನು ಕಟ್ಟಿಕೊಡುವ ಮುಖ್ಯ ಯಂತ್ರಗಳಿರುವುದು ಅಮೆರಿಕೆಯ ವರ್ಜೀನಿಯ, ಟೆಕ್ಸಾಸ್ ಸಂಸ್ಥಾನಗಳಲ್ಲಿ. ವರ್ಜೀನಿಯ ನಮ್ಮಿಂದ ಸುಮಾರು ೧೩,೫೦೦ ಕಿಲೋಮೀಟರು ದೂರ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರು ಮಾತ್ರ ಸಾಗಬಲ್ಲುದು. ತಂತು ನೇರವಾಗಿಯೇ ಹಾಯ್ದಿದ್ದರೂ ಒಮ್ಮೆ ಹೋಗಿ ಬರಲು ಸೆಕೆಂಡಿನ ಏಳನೆಯ ಒಂದು ಭಾಗದಷ್ಟು ಕಾಲ ಬೇಕು. ಸಂಪರ್ಕ ಬೆಳೆಸಿ, ಗುಪ್ತಲಿಪಿಯನ್ನು ಗೊತ್ತುಮಾಡಿಕೊಂಡು, ಪುಟವನ್ನು ಬೇಡಿ ಪಡೆಯುವಷ್ಟರಲ್ಲಿ ಇಂಥ ಯಾತ್ರೆ ಮೂರಾದರೂ ಆಗಿರುತ್ತದೆ. ಯಂತ್ರವೆಷ್ಟೇ ಚುರುಕಾಗಿರಲಿ, ಈ ವಿಳಂಬವನ್ನು ನೀಗಲಾರದು.

ಆದುದರಿಂದಲೇ ಓದುಗರ ಸಮೀಪದಲ್ಲಿ ಪುಟಗಳ ಪ್ರತಿಗಳನ್ನು ಕಾದಿರಿಸುವ ಉಗ್ರಾಣಗಳು ಹುಟ್ಟಿದುವು. ವಿಕಿಪೀಡಿಯದ ಇಂಥದೊಂದು ಉಗ್ರಾಣ ೨೦೧೮ರಿಂದ ಸಿಂಗಪುರದಲ್ಲಿದೆ. ಬೆಂಗಳೂರಿಗೆ ಅದು ಸುಮಾರು ೩,೨೦೦ ಕಿಲೋಮೀಟರು.

ಆದರೆ ಈ ಉಗ್ರಾಣಿ ಅಕ್ಷರ ಬಲ್ಲವನಲ್ಲ. ಪುಟದಲ್ಲಿರುವುದು ಕನ್ನಡವೋ ಇಂಗ್ಲಿಷೋ ಅವನರಿಯ; ಅವನು ನೋಡುವುದು ಮೇಲಿನ ವಿಳಾಸದ ಚೀಟಿಯನ್ನು ಮಾತ್ರ. ತೊಡಕು ಹುಟ್ಟುವುದು ಇಲ್ಲಿಯೇ. ಎರಡು ಭಾಷೆಗಳ ತಾಣವೊಂದು ಒಂದೇ ವಿಳಾಸವನ್ನಿಟ್ಟುಕೊಂಡು, ಓದುಗನ ಬ್ರೌಸರು ತಿಳಿಸುವ ಭಾಷೆಯಿಷ್ಟವನ್ನು ಅನುಸರಿಸಿ ಪುಟ ಕೊಡುತ್ತದೆನ್ನಿ. ಮೊದಲು ಬಂದವನು ಇಂಗ್ಲಿಷ್ ಬೇಡಿದನು. ಆ ಪ್ರತಿ ಉಗ್ರಾಣ ಸೇರಿತು. ಅನಂತರ ಕನ್ನಡ ಬೇಡಿದವರೆಲ್ಲರಿಗೂ ಇಂಗ್ಲಿಷೇ ಪ್ರಾಪ್ತಿ! ಮುಖ್ಯ ಯಂತ್ರವನ್ನು ನೇರವಾಗಿ ಪರೀಕ್ಷಿಸುವ ಮೇಲ್ವಿಚಾರಕನಿಗಾದರೋ ಯಾವ ದೋಷವೂ ಕಾಣದು.

ಭಾಷೆಯಿಷ್ಟವನ್ನೂ ಚೀಟಿಯಲ್ಲಿ ಸೇರಿಸಬೇಕೆಂದು ಉಗ್ರಾಣಕ್ಕೆ ಆಜ್ಞೆ ಕೊಡಬಹುದು. ಆದರೆ ಒಬ್ಬನ ಇಷ್ಟ ‘ಕನ್ನಡ, ಇಂಗ್ಲಿಷ್’, ಮತ್ತೊಬ್ಬನದು ‘ಕನ್ನಡ, ಹಿಂದಿ, ಇಂಗ್ಲಿಷ್’. ಒಂದೇ ಕನ್ನಡ ಪುಟಕ್ಕೆ ಹತ್ತಾರು ಪ್ರತಿಗಳಾಗಿ ಉಗ್ರಾಣ ತುಂಬುತ್ತದೆ, ಬೇಡಿದ್ದು ಮಾತ್ರ ಸಿಕ್ಕುವುದಿಲ್ಲ. ತಾಣದಲ್ಲಿ ನಿಜವಾಗಿ ಇರುವ ಭಾಷೆಗಳಿಗೆ ಆ ಸಾಲನ್ನು ಬಾಗಿಲಲ್ಲಿಯೇ ಇಳಿಸಿಕೊಂಡರೆ ಈ ಕಷ್ಟ ತಪ್ಪೀತು.

ಅದಕ್ಕಿಂತಲೂ ಸರಳವಾದುದು, ವಿಕಿಪೀಡಿಯದಂತೆ ವಿಳಾಸದಲ್ಲಿಯೇ ಭಾಷೆಯನ್ನು ಸೂಚಿಸುವುದು. ಕನ್ನಡದ ವಿಳಾಸ ‘ಕೆ. ಎನ್.’ ಎಂಬೆರಡಕ್ಷರಗಳಿಂದ ಆರಂಭವಾಗುತ್ತದೆ. ಭಾಷೆಯ ಗುರುತಿಲ್ಲದ ಹೆಬ್ಬಾಗಿಲಿನಿಂದ ಓದುಗನನ್ನು ಆಯಾ ಭಾಷೆಗೆ ಕಳುಹಿಸುವ ಉತ್ತರವನ್ನು ಮಾತ್ರ ಎಂದೂ ಉಗ್ರಾಣದಲ್ಲಿಡಕೂಡದು. ದೇಶವನ್ನು ನೋಡಿ ಭಾಷೆಯನ್ನು ಊಹಿಸುವುದಂತೂ ನಮ್ಮಂಥ ನಾಡಿನಲ್ಲಿ ಅವಿವೇಕವೇ ಸರಿ.

ಹೆಸರು ಹೇಳಿ ಒಳಹೊಕ್ಕವರ ಪುಟಗಳು ಉಗ್ರಾಣವನ್ನು ದಾಟಿ ನೇರವಾಗಿ ಮೂಲಕ್ಕೆ ಹೋಗಬೇಕು. ಇಲ್ಲವಾದರೆ ಒಬ್ಬನ ಖಾಸಗಿ ವಿವರ ಇನ್ನೊಬ್ಬನ ಮುಂದೆ ತೆರೆದುಕೊಂಡೀತು. ಲೇಖನ ತಿದ್ದಲ್ಪಟ್ಟೊಡನೆ ಹಳೆಯ ಪ್ರತಿಯನ್ನು ಬಿಸುಡುವಂತೆ ಉಗ್ರಾಣಗಳಿಗೆ ಸುದ್ದಿ ಹೋಗುತ್ತದೆ. ವಿಳಾಸಗಳು ಬೇರೆಯಾಗಿರುವುದರಿಂದ ಆಗ ತೆಗೆದುಹಾಕಲ್ಪಡುವುದು ಕನ್ನಡದ ಪ್ರತಿ ಮಾತ್ರ. ಇಂಗ್ಲಿಷಿನದು ಇದ್ದಲ್ಲಿಯೇ ಇರುತ್ತದೆ.